ಒಂದು ಬದಿ ಬಿಟ್ಟ ಕೌದಿ

ಹುಟ್ಟದ ಮಗುವಿಗೆ ನಮ್ಮ ಕಡೆ ಏನನ್ನೂ ಹೊಲಿಯುವುದಿಲ್ಲ. ಅಂಗಿ, ಕುಂಚಿಗೆ, ಕೌದಿ ಯಾವುದೂ ಇಲ್ಲ. ಮಗು ಬಂದು, ಅತ್ತು, ಎಲ್ಲ ಸರಿಯಿದೆ ಎಂದಾದ ಮೇಲೆ ಅಜ್ಜಿಯ ಹಳೆಯ ಸೀರೆ ಹರಿದು ಸುತ್ತುತ್ತಾರೆ. ಮಿಕ್ಕಿದ್ದು ಆಮೇಲಿನ ಮಾತು. ಯಾಕೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಯಾರೂ ಬಿಡಿಸಿ ಹೇಳುವುದಿಲ್ಲ. ಹೇಳಬೇಕೆಂದರೆ ಮಗು ಉಳಿಯದೆ ಹೋದರೆ ಎಂಬ ಮಾತು ಬಾಯಲ್ಲಿ ಬರಬೇಕು. ಬಂದರೆ ಪಕ್ಕದಲ್ಲಿ ಕೂತವರು ‘ಬಿಡ್ತು ಅನ್ನು, ಬಿಡ್ತು ಅನ್ನು’ ಎಂದು ಮೈಮೇಲೆ ಬರುತ್ತಾರೆ. ಹೀಗಾಗಿ ಇದು ಎಲ್ಲರಿಗೂ ಗೊತ್ತಿರುವ, ಯಾರೂ ಆಡದ ಸಂಗತಿ.

ಇದನ್ನು ನಾನು ಒಬ್ಬ ಪರದೇಶದ ಹೆಂಗಸಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅದರಿಂದ ಆದದ್ದನ್ನು ಈಗ ಬರೆಯುತ್ತಿದ್ದೇನೆ. ಬರೆದರೆ ಮನಸ್ಸು ಹಗುರಾಗುತ್ತದೆ ಎಂದು ಯಾರೋ ಹೇಳಿದರು. ಇಲ್ಲಿಯತನಕ ಅಂಥದ್ದೇನೂ ಆಗಿಲ್ಲ.

ನಾನು ಶಿಗ್ಗಾಂವಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ಹಾನಗಲ್ಲಿನಿಂದ ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಊರ ಹೊರಗೆ ಒಂದು ಸಣ್ಣ ಚರ್ಚಿದೆ, ಹದಿನೈದಿಪ್ಪತ್ತು ಮನೆಗಳ ಸಭೆ. ಚರ್ಚಿನ ಹಿಂದಿನ ತಗಡಿನ ಕೋಣೆಯಲ್ಲಿ ಪಾಸ್ಟರ್ ಹೆಂಡತಿ ಹೆಂಗಸರಿಗೆ ಹೊಲಿಗೆ ಕಲಿಸುವ ವ್ಯವಸ್ಥೆ ಮಾಡಿದ್ದರು. ಕಲಿಸುತ್ತಿದ್ದವಳು ನಾನು. ನಾನು ಆ ಸಭೆಗೆ ಸೇರಿದವಳಲ್ಲ, ಸೋಮವಾರ ಶಿವನ ಹೆಸರಲ್ಲಿ ಒಂದೇ ಹೊತ್ತು ಉಣ್ಣುವವಳು. ಆದರೆ ಆ ಕೋಣೆಯಲ್ಲಿ ಅದನ್ನು ಯಾರೂ ಕೇಳುತ್ತಿರಲಿಲ್ಲ. ಸಭೆಯ ಹೆಂಗಸರು ಬರುತ್ತಿದ್ದರು, ಸವಣೂರಿನಿಂದ ಬುರ್ಖಾ ಹಾಕಿಕೊಂಡು ಇಬ್ಬರು ಅಕ್ಕತಂಗಿಯರು ಬರುತ್ತಿದ್ದರು, ಸುತ್ತಿನ ಹಳ್ಳಿಗಳ ಸೊಸೆಯಂದಿರು ಬರುತ್ತಿದ್ದರು. ಮಧ್ಯಾಹ್ನದ ಎರಡು ತಾಸು ಅತ್ತೆಯ ಕಣ್ಣು ತಪ್ಪಿಸಿ ಕೂರಲು ಸಿಕ್ಕರೆ ಯಾವ ದೇವರ ಗುಡಿಯಾದರೇನು?

ಕೊರೊನಾ ಮುಗಿದು ಎರಡು ವರ್ಷದ ಮೇಲೆ ಹಾಲೆಂಡಿನಿಂದ ಆ ಹೆಂಗಸು ಬಂದರು. ಅವರ ಊರಿನ ಸಭೆಗೂ ನಮ್ಮ ಪಾಸ್ಟರ್‌ಗೂ ಬಹಳ ವರ್ಷದ ಪತ್ರವ್ಯವಹಾರವಂತೆ. ಅರವತ್ತು ದಾಟಿತ್ತು, ಗಂಡ ತೀರಿಕೊಂಡು ಹೆಚ್ಚು ದಿನ ಆಗಿರಲಿಲ್ಲ. ತಮ್ಮ ಸ್ವಂತ ಖರ್ಚಿನಲ್ಲಿ ಆರು ತಿಂಗಳು ಇದ್ದು ಸೇವೆ ಮಾಡುತ್ತೇನೆಂದು ಬಂದವರು. ಯಾವ ಸೇವೆ ಎಂದು ಅವರಿಗೂ ಗೊತ್ತಿರಲಿಲ್ಲ, ಪಾಸ್ಟರ್‌ಗೂ ಗೊತ್ತಿರಲಿಲ್ಲ. ಒಂದು ವಾರ ಚರ್ಚಿನ ಅಂಗಳ ಗುಡಿಸಿದರು. ನೋಡಲಾರದೆ ಪಾಸ್ಟರ್ ಹೆಂಡತಿ ಅವರನ್ನು ನನ್ನ ಕೋಣೆಗೆ ಕರೆದುಕೊಂಡು ಬಂದು ಬಿಟ್ಟರು.

ನಾನು ಪಿಯುಸಿ ತನಕ ಓದಿದವಳು. ಇಂಗ್ಲಿಷು ಇಬ್ಬರಿಗೂ ಪರದೇಶದ್ದೇ ಆದ್ದರಿಂದ ನಮಗೆ ಮಾತು ಸುಲಭವಾಯಿತು. ಅವರೂ ಹುಡುಕಿ ಹುಡುಕಿ ಮಾತಾಡುತ್ತಿದ್ದರು, ನಾನೂ ಹಾಗೆಯೇ. ಕೋಣೆಯಲ್ಲಿ ಇಂಗ್ಲಿಷು ಬರುತ್ತಿದ್ದುದು ನನಗೊಬ್ಬಳಿಗೇ. ಅವರಿಗೆ ಏನು ಹೇಳಬೇಕಾದರೂ ಹೆಂಗಸರೆಲ್ಲ ನನ್ನ ಮುಖ ನೋಡುತ್ತಿದ್ದರು. ಅದರಿಂದ ನನಗೆ ಸ್ವಲ್ಪ ಕೊಬ್ಬೂ ಬಂದಿತ್ತು.

ಅವರು ಎಡಚರು. ನಮ್ಮ ಕತ್ತರಿ ಅವರ ಕೈಗೆ ಕೂರುತ್ತಿರಲಿಲ್ಲ, ಬಟ್ಟೆ ಹಲ್ಲಿನಲ್ಲಿ ಕಚ್ಚಿದ ಹಾಗೆ ಹರಿಯುತ್ತಿತ್ತು. ಎಡಗೈಯಲ್ಲಿ ಊಟ ಮಾಡಿದರು, ಎಡಗೈಯಲ್ಲಿ ಬಟ್ಟೆ ಕೊಟ್ಟರು. ಹೆಂಗಸರು ಕೈ ಚಾಚದೆ ನಗುತ್ತ ನಿಂತರೆ ಅವರಿಗೆ ತಿಳಿಯಲಿಲ್ಲ. ನಾನೇ ಹೇಳಿದೆ. ಅಂದಿನಿಂದ ಕೊಡುವುದು ತೆಗೆದುಕೊಳ್ಳುವುದು ಬಲಗೈಯಲ್ಲಿ, ಸೂಜಿ ಮಾತ್ರ ಎಡಗೈಯಲ್ಲಿ. ಒಂದು ಲೋಟ ನೀರು ಕೊಟ್ಟರೂ ಥ್ಯಾಂಕ್ಸ್ ಹೇಳುತ್ತಿದ್ದರು. ‘ನೀರಿಗೂ ಥ್ಯಾಂಕ್ಸ್ ಏನ್ರಿ!’ ಎಂದು ಸವಣೂರಿನ ಅಕ್ಕತಂಗಿಯರು ಬಿದ್ದು ಬಿದ್ದು ನಕ್ಕರು. ಹತ್ತಕ್ಕೆ ಎಂದರೆ ಹತ್ತಕ್ಕೇ ಬಂದು ಬಾಗಿಲಲ್ಲಿ ಕೂರುತ್ತಿದ್ದರು. ನಾವು ಹನ್ನೊಂದಕ್ಕೆ ಹೋಗುತ್ತಿದ್ದೆವು. ಎರಡನೇ ತಿಂಗಳಲ್ಲಿ ಅವರೂ ಒಂದು ದಿನ ಹತ್ತೂವರೆಗೆ ಬಂದು, ತಡವಾಯಿತು ನೋಡು ಎಂದು ನನಗೆ ಗಡಿಯಾರ ತೋರಿಸಿ ಹಿಗ್ಗಿದರು. ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ ಎಲ್ಲ ಕಣ್ಣು ಮೂಗಲ್ಲಿ ನೀರು ಸುರಿಸುತ್ತಲೇ ಉಂಡರು. ಭಾನುವಾರದ ಹಾಡುಗಳನ್ನು ತಮ್ಮ ಅಕ್ಷರದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕನ್ನಡದಲ್ಲೇ ಹಾಡುತ್ತಿದ್ದರು. ನಾನೂ ಒಂದೆರಡು ಸಲ ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದೇನೆ. ತಪ್ಪು ತಪ್ಪಾಗಿ, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದರು.

ಅವರು ಸರಿಯಾಗಿ ಕಲಿತ ಮೊದಲ ಕನ್ನಡ ಮಾತು ‘ಯಾಕ್ರಿ?’. ಅದನ್ನು ಕೇಳಿ ಕೇಳಿ ನಮ್ಮ ಜೀವ ತಿನ್ನುತ್ತಿದ್ದರು. ಹೊಸ್ತಿಲ ಮೇಲೆ ಯಾಕೆ ಕೂರಬಾರದು? ಮಂಗಳವಾರ ಯಾಕೆ ಬಟ್ಟೆ ಕತ್ತರಿಸಬಾರದು? ಒಂದು ಸಲ ಮನೆಗೆ ಹೊರಟಾಗ ‘ಹೋಗ್ತೇನಿ’ ಎಂದರು. ಬಾಗಿಲಲ್ಲಿದ್ದ ಮುದುಕಿ ಗಾಬರಿಯಾಗಿ, ‘ಹಂಗನಬ್ಯಾಡ್ರಿ, ಬರ್ತೇನಿ ಅನ್ರಿ’ ಎಂದಳು. ‘ಯಾಕ್ರಿ?’ ಎಂದರು. ಮುದುಕಿ ನನ್ನನ್ನು ನೋಡಿದಳು. ನಾನು, ಅದು ಒಳ್ಳೆಯ ಕನ್ನಡ ಎಂದು ತಿಪ್ಪೆ ಸಾರಿಸಿದೆ. ನಮ್ಮಲ್ಲಿ ಅರ್ಧಕ್ಕರ್ಧ ‘ಯಾಕೆ’ಗೆ ಉತ್ತರ ಸಾವೇ. ಅದನ್ನು ಅವರಿಗೆ ಹೇಗೆ ಹೇಳುವುದು?

ಒಂದು ದಿನ ಇಬ್ಬರೇ ಕೂತು ಗುಂಡಿ ಹಚ್ಚುತ್ತಿದ್ದೆವು. ನಿನಗೆಷ್ಟು ಮಕ್ಕಳು ಎಂದು ಕೇಳಿದರು. ಊರಲ್ಲಿ ಇದನ್ನು ನನ್ನ ಹತ್ತಿರ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಗೊತ್ತು. ಎರಡು, ಎರಡೂ ಇಲ್ಲ ಎಂದೆ. ಒಂದು ಐದನೇ ತಿಂಗಳಿಗೆ, ಒಂದು ಏಳಕ್ಕೆ. ಅವರು ಸೂಜಿ ಕೆಳಗಿಟ್ಟು, ಏಳು ತಿಂಗಳಿನದು ಹೆಣ್ಣೋ ಗಂಡೋ ಎಂದು ಕೇಳಿದರು. ನನ್ನ ಗಂಡನೂ ಎಂದೂ ಕೇಳಿರಲಿಲ್ಲ. ಹೆಣ್ಣು ಎಂದೆ. ಹೇಳಿದ್ದೇ ನನಗೆ ಅಳು ಬಂತು, ತಡೆಯಲಿಲ್ಲ. ಅವರು ಸಮಾಧಾನದ ಒಂದು ಮಾತೂ ಆಡದೆ ಪಕ್ಕದಲ್ಲಿ ಕೂತಿದ್ದರು. ಅಂದಿನಿಂದ ನನಗೆ ಅವರೆಂದರೆ ಪ್ರೀತಿ. ಇದನ್ನು ಇಲ್ಲಿಯೇ ಹೇಳಿಬಿಡಬೇಕು, ಮುಂದೆ ನಾನು ಮಾಡಿದ್ದನ್ನು ಓದಿದರೆ ಯಾರೂ ನಂಬುವುದಿಲ್ಲ.

ಕೌದಿ ಅವರ ಕಣ್ಣಿಗೆ ಬಿದ್ದದ್ದು ನನ್ನ ಮನೆಯಲ್ಲಿ. ಹಳೆಯ ಸೀರೆಗಳನ್ನು ಪದರ ಪದರ ಹಾಸಿ, ಮೇಲೆ ತುಂಡು ಬಟ್ಟೆ ಕೂಡಿಸಿ, ಕೈಹೊಲಿಗೆ ಹಾಕಿದ ಸಾದಾ ಕೌದಿ, ನನ್ನ ಅತ್ತೆ ಹೊಲಿದದ್ದು. ಅದನ್ನು ಕೆನ್ನೆಗೆ ಒತ್ತಿಕೊಂಡರು. ಅವರ ಊರಲ್ಲೂ ಇಂಥದ್ದು ಇದೆಯಂತೆ. ಸಭೆಯ ಯಾವ ಹೆಂಗಸು ಬಸುರಿಯಾದರೂ ಉಳಿದವರೆಲ್ಲ ಕೂಡಿ ಬರುವ ಮಗುವಿಗೆ ಒಂದು ಹೊದಿಕೆ ಹೊಲಿದು, ಅದರ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಕೊಡುತ್ತಾರಂತೆ. ಬರುವವರಿಗೆ ಹಾಸಿ ಇಟ್ಟು ಕಾಯಬೇಕು ಎಂದು ವಿವರಿಸಿದರು. ಮರುದಿನ ಕೋಣೆಯಲ್ಲಿ ಎಲ್ಲರ ಮುಂದೆ, ನಾವೂ ಹಾಗೆ ಮಾಡೋಣ, ಮೊದಲನೆಯದು ಇವಳಿಗೆ ಎಂದು ಒಬ್ಬಳ ಕಡೆ ಕೈ ತೋರಿಸಿದರು.

ಅವಳು ಸವಣೂರು ರಸ್ತೆಯ ಒಂದು ಹಳ್ಳಿಯ ಸೊಸೆ, ಇಪ್ಪತ್ತು ತುಂಬಿರಲಿಲ್ಲ. ಆ ಮನೆಯವರದು ವೀಳ್ಯದೆಲೆಯ ತೋಟ. ಅವಳ ತವರು ಹಿರೇಕೆರೂರು ತಾಲೂಕಿನಲ್ಲಿ, ಅಬಲೂರಿನ ಹತ್ತಿರ. ತವರಲ್ಲಿ ಅವ್ವ ಇಲ್ಲ, ಇವಳು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಇದ್ದವನು ಅಪ್ಪ ಒಬ್ಬನೇ. ಚೊಚ್ಚಲ ಹೆರಿಗೆಗೆ ತವರಿಗೆ ಕರೆಯುವವರು ಯಾರೂ ಇರಲಿಲ್ಲ, ಗಂಡನ ಮನೆಯಲ್ಲೇ ಎಂದು ಆಗಿತ್ತು. ಆಗ ಅವಳಿಗೆ ಏಳನೇ ತಿಂಗಳು.

ಕೋಣೆಯಲ್ಲಿ ಹನ್ನೊಂದು ಹೆಂಗಸರಿದ್ದೆವು. ಸಭೆಯವರೂ ಇದ್ದರು, ಪಾಸ್ಟರ್ ಹೆಂಡತಿಯೂ ಇದ್ದರು. ಎಲ್ಲರೂ ನನ್ನ ಮುಖ ನೋಡಿದರು. ಒಬ್ಬರೂ ಬಾಯಿ ಬಿಡಲಿಲ್ಲ. ಪರದೇಶದಿಂದ ಬಂದ ಅತಿಥಿ, ಅಷ್ಟು ಸಂತೋಷದಲ್ಲಿದ್ದಾರೆ, ಯಾರು ಹೇಳುವುದು? ಹೇಳಬೇಕಾದವಳು ನಾನು, ಭಾಷೆ ಬರುವವಳು. ನಾನು ‘ಒಳ್ಳೆಯ ವಿಚಾರ’ ಎಂದೆ.

ಮರೆತು ಅಂದದ್ದಲ್ಲ, ಬೇಕೆಂದೇ ಅಂದೆ. ನನ್ನ ಎರಡು ಬಸಿರಿನಲ್ಲೂ ನಾನು ಒಂದು ನೂಲು ಮುಟ್ಟಿರಲಿಲ್ಲ. ಗ್ರಹಣದ ದಿನ ಅಲ್ಲಾಡದೆ ಚಾಪೆಯ ಮೇಲೆ ಬಿದ್ದುಕೊಂಡಿದ್ದೆ. ಯಾರು ಏನು ಹೇಳಿದರೂ ಚಾಚೂ ತಪ್ಪದೆ ಪಾಲಿಸಿದೆ. ಏನು ಉಳಿಯಿತು? ಈ ಕಟ್ಟಳೆಗಳ ಮೇಲೆ ನನಗೆ ಹೊಟ್ಟೆಯೊಳಗೆ ಬೆಂಕಿಯಂಥ ಸಿಟ್ಟಿತ್ತು. ಯಾರಾದರೂ ಮುರಿಯಲಿ, ಮುರಿದರೂ ಮಗು ಚೆನ್ನಾಗಿ ಹುಟ್ಟಲಿ, ಆಗ ಇವರ ಮುಖ ನೋಡಬೇಕು ಅನಿಸುತ್ತಿತ್ತು. ಮುರಿಯಲು ನನಗೆ ಸ್ವಂತ ಹೊಟ್ಟೆ ಇರಲಿಲ್ಲ, ಆ ಹುಡುಗಿಯ ಹೊಟ್ಟೆ ಸಿಕ್ಕಿತು.

ಇಷ್ಟೆಲ್ಲ ಧೈರ್ಯದ ನಾನು ಏನು ಮಾಡಿದೆ ಗೊತ್ತೇ? ಕೌದಿ ಹೊಲಿದು ಮುಗಿಯುತ್ತ ಬಂದಾಗ ಮೂರು ಬದಿಗೆ ಅಂಚುಪಟ್ಟಿ ಹಚ್ಚಿ ನಾಲ್ಕನೆಯದನ್ನು ಹಾಗೇ ಬಿಟ್ಟೆ. ಪೂರ್ತಿ ಹೊಲಿಯದಿದ್ದರೆ ಹೊಲಿದಂತಲ್ಲ, ಮಗು ಹುಟ್ಟಿದ ಮೇಲೆ ಮುಗಿಸಿದರಾಯಿತು ಎಂಬ ಉಪಾಯ. ಯಾರೂ ಕಲಿಸಿದ್ದಲ್ಲ, ನನ್ನ ಹೆದರಿಕೆಯೇ ಕಲಿಸಿತು. ಇದೊಂದು ಬದಿ ಇರಲಿ, ಈಗ ಬೇಡ ಎಂದು ಅವರಿಗೆ ಹೇಳಿದೆ. ‘ಯಾಕ್ರಿ?’ ಎಂದರು. ಸುಮ್ಮನೆ ಎಂದೆ.

ಎರಡು ದಿನ ಅಂಗಡಿಯಲ್ಲಿ ಮದುವೆಯ ಬಟ್ಟೆಗಳ ಗಡಿಬಿಡಿ, ಕೋಣೆಗೆ ಹೋಗಲಾಗಲಿಲ್ಲ. ಹೋದಾಗ ಕೌದಿ ಮಡಿಸಿ ಮೇಜಿನ ಮೇಲಿತ್ತು, ನಾಲ್ಕೂ ಬದಿ ಮುಗಿದಿತ್ತು. ನಾಲ್ಕನೆಯ ಬದಿಯ ಹೊಲಿಗೆ ಎಡಗಡೆಗೆ ವಾಲಿತ್ತು. ನಿನಗೆ ಪುರುಸೊತ್ತಿಲ್ಲವೆಂದು ನಾನೇ ಮುಗಿಸಿದೆ ಎಂದು ಅವರು ನಗುತ್ತ ನಿಂತಿದ್ದರು. ಬಿಚ್ಚುವುದೇನು ದೊಡ್ಡ ಕೆಲಸ? ಬ್ಲೇಡು ಹಿಡಿದರೆ ಐದು ನಿಮಿಷ. ಬಿಚ್ಚಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ನನಗೆ ಒಂಥರಾ ಹಟವೂ ಬಂತು. ಆಗಲಿ, ನೋಡೇಬಿಡೋಣ ಎಂದುಕೊಂಡೆ.

ಹೆಂಗಸರೆಲ್ಲ ಕೌದಿಯ ಮೇಲೆ ಕೈಯಿಟ್ಟರು, ಅವರು ತಮ್ಮ ಭಾಷೆಯಲ್ಲಿ ಪ್ರಾರ್ಥನೆ ಮಾಡಿದರು, ಹುಡುಗಿಯ ಕೈಗೆ ಕೊಟ್ಟರು. ಅವಳು ಅದನ್ನು ಬಿಡಿಸಿ ನೋಡಿದಳು, ಮತ್ತೆ ಮಡಿಸಿದಳು. ಎಲ್ಲರೂ ಹೋದ ಮೇಲೆ ನಾನು ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದಾಗ ಹತ್ತಿರ ಬಂದಳು.

‘ಅಕ್ಕಾರ, ಈಗ ತೊಗೊಂಡ ಹೋದ್ರ ನಡೀತೈತೇನ್ರಿ?’

‘ನಿನಗ ಬ್ಯಾಡೇನು?’

‘ಬೇಕ್ರಿ. ನನಗ ಹಿಂಗ ಯಾರೂ ಏನೂ ಹೊಲದ ಕೊಟ್ಟಿಲ್ರಿ. ಆದ್ರೂ ಹೆದರಿಕಿ ಆಗ್ತೈತಿ.’

‘ಏನೂ ಆಗೂದಿಲ್ಲ. ಅವೆಲ್ಲಾ ಹಳೇ ಮಂದಿ ಮಾತು. ತೊಗೊಂಡ ಹೋಗ ನೀ.’

ಅವಳು ಸೆರಗಿನೊಳಗೆ ಮುಚ್ಚಿಕೊಂಡು ತೆಗೆದುಕೊಂಡು ಹೋದಳು. ಈ ಮಾತಾಡುವಾಗ ಅಲ್ಲಿದ್ದವರು ನಾವಿಬ್ಬರೇ.

ಒಂಬತ್ತನೇ ತಿಂಗಳಲ್ಲಿ ಅವಳಿಗೆ ಕೈಕಾಲು ಬಾತು, ತಲೆನೋವು ಬಂದು ದವಾಖಾನೆಗೆ ಒಯ್ದರು. ಮಗು ಹೊಟ್ಟೆಯಲ್ಲೇ ತೀರಿಹೋಗಿತ್ತು. ಬಿಪಿ ಏರಿ ಹೀಗಾಗಿದೆ, ತಾಯಿ ಉಳಿದದ್ದೇ ದೊಡ್ಡದು ಎಂದು ಡಾಕ್ಟರು ಹೇಳಿದರಂತೆ. ಸುದ್ದಿ ತಂದವಳು ಆ ಹುಡುಗಿಯ ಪಕ್ಕದ ಮನೆಯ ಸೊಸೆ. ಅವಳು ಸುದ್ದಿ ಹೇಳಿ ಮುಗಿಸಿದಾಗ ಕೋಣೆಯಲ್ಲಿ ಎಲ್ಲರೂ ಕೈಕೆಲಸ ನಿಲ್ಲಿಸಿ ನೆಲ ನೋಡುತ್ತಿದ್ದರು. ಯಾರೂ ಪರದೇಶದ ಅತಿಥಿಯ ಕಡೆಯೂ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಅವರಿಗೆ ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮುಖ ಮುಚ್ಚಿಕೊಂಡು ಅತ್ತರು. ಆಮೇಲೆ, ಅವಳನ್ನು ನೋಡಲು ಹೋಗೋಣ, ಈಗಲೇ ನಡೆ ಎಂದು ಚಪ್ಪಲಿ ಹುಡುಕತೊಡಗಿದರು. ನಾನು ಬೇಡ ಎಂದೆ. ‘ಯಾಕ್ರಿ?’

ಹತ್ತು ದಿನಕ್ಕೆ ಆ ಹುಡುಗಿಯ ಅತ್ತೆ ತಾನೇ ಬಂದಳು, ಜೊತೆಗೆ ಓಣಿಯ ಇಬ್ಬರು ಹೆಂಗಸರು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಸುಲಭವಿತ್ತು, ನಾನೂ ಗಂಟಲು ಇರುವವಳೇ. ಕೌದಿಯನ್ನು ಬಾಗಿಲ ಹೊರಗೆ ನೆಲದ ಮೇಲಿಟ್ಟು ನನ್ನನ್ನೇ ನೋಡಿದಳು.

‘ನನ್ನ ಸೊಸಿ ಒಂದ ಮಾತ ಹೇಳ್ಯಾಳ. ಟೇಲರ್ ಅಕ್ಕಾರನ್ನ ಕೇಳೇನಿ, ಏನೂ ಆಗೂದಿಲ್ಲ ತೊಗೊಂಡ ಹೋಗ ಅಂದಾರ ಅಂತ. ನೀ ಹಂಗ ಅಂದಿಯೇನವಾ?’

ಹತ್ತು ಜೋಡಿ ಕಣ್ಣು ನನ್ನ ಮೇಲೆ. ಅವರಲ್ಲಿ ಅರ್ಧ ಜನ ನನ್ನ ಗಿರಾಕಿಗಳು. ಹೌದು ಎಂದರೆ ನಾಳೆಯಿಂದ ಯಾವ ಬಸುರಿಯೂ, ಯಾವ ಮದುಮಗಳೂ ನನ್ನ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ಎರಡು ಹೋದವಳ ಕೈ ಎಂದು ಮೊದಲೇ ಹಿಂದಿನಿಂದ ಆಡಿಕೊಳ್ಳುತ್ತಿದ್ದುದು ನನ್ನ ಕಿವಿಗೆ ಬಿದ್ದಿತ್ತು. ಇವೆಲ್ಲ ಆಗ ಯೋಚಿಸಿದೆನೆಂದಲ್ಲ. ಬಾಯಿ ತಾನಾಗಿ ಆಡಿತು.

‘ಇಲ್ರಿ, ನಾ ಹಂಗ ಅಂದಿಲ್ಲ. ನಾ ಒಂದ ಬದಿ ಬಿಟ್ಟಿದ್ನಿರಿ. ಅದನ್ನ ಹೊಲದ ಮುಗಿಸಿದವರು ಅವರು.’

ಅತ್ತೆ ಅವರ ಕಡೆ ತಿರುಗಿ ನೋಡಿದಳು. ಅವರಿಗೆ ಮಾತು ತಿಳಿದಿರಲಿಲ್ಲ. ಎದ್ದು ಬಂದು, ಆ ಹೆಂಗಸಿನ ಎರಡೂ ಕೈ ಹಿಡಿದುಕೊಂಡು, ತಮಗೆ ಬರುವ ಕನ್ನಡದಲ್ಲಿ ‘ಬರ್ರಿ, ಕುಂತ್ರಿ’ ಎಂದರು. ಅತ್ತೆ ಕೈ ಕಿತ್ತುಕೊಂಡು ಹೊರಟುಹೋದಳು. ಏನು ಹೇಳಿದಳು ಎಂದು ನನ್ನನ್ನು ಕೇಳಿದರು. ಆಕೆಗೆ ಬಹಳ ದುಃಖವಾಗಿದೆ ಎಂದೆ.

ಕೌದಿಯ ವಿಷಯ ಅವರಿಗೆ ಬಿಡಿಸಿ ಹೇಳಿದವರು ಪಾಸ್ಟರ್. ಅಷ್ಟರಲ್ಲಿ ಮಾತು ಊರಲ್ಲಿ ತಿರುಗಿ ಬೇರೆ ಬಣ್ಣ ಪಡೆದಿತ್ತು. ಕೌದಿಯ ಮೇಲೆ ಏನೋ ಓದಿ ಕೊಟ್ಟರಂತೆ, ಮತಾಂತರಕ್ಕೆ ಬಂದವರಂತೆ ಎಂದು ನಾಲ್ಕು ಹುಡುಗರು ಚರ್ಚಿನ ಗೇಟಿನ ಮುಂದೆ ಬೈಕು ನಿಲ್ಲಿಸಿ ಫೋಟೋ ತೆಗೆದುಕೊಂಡು ಹೋದರು. ಸಣ್ಣ ಸಭೆ, ಹೆದರಿಕೊಂಡಿತು. ಹೊಲಿಗೆ ಕೋಣೆಗೆ ಬೀಗ ಬಿತ್ತು. ಬೇಗ ಹೊರಡುವುದು ಒಳ್ಳೆಯದು ಎಂದು ಪಾಸ್ಟರ್ ಅವರಿಗೆ ಕೈ ಮುಗಿದು ಕೇಳಿಕೊಂಡರಂತೆ.

ಹೊರಡುವ ಹಿಂದಿನ ದಿನ ನನ್ನ ಅಂಗಡಿಗೆ ಬಂದರು. ಸಣ್ಣಗಾಗಿದ್ದರು.

ಆ ಬದಿಯನ್ನು ನೀನು ಬೇಕೆಂದೇ ಬಿಟ್ಟಿದ್ದೆಯಾ ಎಂದು ಕೇಳಿದರು. ಹೌದು ಎಂದೆ. ನಾನು ಕೇಳುತ್ತಲೇ ಇದ್ದೆನಲ್ಲ, ಬಂದ ದಿನದಿಂದ ಎಲ್ಲವನ್ನೂ ಕೇಳುತ್ತಲೇ ಇದ್ದೆನಲ್ಲ ಎಂದರು. ಆಮೇಲೆ, ಕೌದಿಯಿಂದ ಮಗು ಸಾಯುವುದಿಲ್ಲ, ಇದು ನಿನಗೂ ಗೊತ್ತು ನನಗೂ ಗೊತ್ತು, ಆ ಹುಡುಗಿಗೆ ಯಾರು ಹೇಳುತ್ತಾರೆ ಎಂದರು. ನಾನು ಹೇಳುತ್ತೇನೆ ಎಂದು ಮಾತು ಕೊಟ್ಟೆ. ಆ ದಿನ ಎಲ್ಲರ ಮುಂದೆ ನೀನು ನನ್ನ ಪರವಾಗಿ ಮಾತಾಡಿದೆ ಎಂದು ನನಗೆ ಗೊತ್ತು ಎಂದು ನನ್ನನ್ನು ಅಪ್ಪಿಕೊಂಡರು. ನಾನು ತಿದ್ದಲಿಲ್ಲ. ಕತ್ತರಿ ಹಿಡಿದ ಕೈಯಲ್ಲೇ ನಾನೂ ಅವರನ್ನು ಅಪ್ಪಿಕೊಂಡೆ.

ಊರಿಗೆ ಹೋದ ಮೇಲೆ ವಾಟ್ಸಾಪಿನಲ್ಲಿ ಬರೆಯುತ್ತಿದ್ದರು. ಹುಡುಗಿ ಹೇಗಿದ್ದಾಳೆ? ಭೇಟಿಯಾದೆಯಾ? ಅವಳು ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ, ಬಂದ ಮೇಲೆ ನೋಡುತ್ತೇನೆ ಎಂದು ಬರೆದೆ. ಅವ್ವ ಇಲ್ಲದ ತವರಿಗೆ, ಮಗು ಇಲ್ಲದ ಬಾಣಂತಿಯನ್ನು ಯಾತಕ್ಕೆ ಕಳಿಸುತ್ತಾರೆ ಎಂದು ನಾನು ಯೋಚಿಸಬೇಕಿತ್ತು. ಯೋಚಿಸುವುದನ್ನು ಬಿಟ್ಟಿದ್ದೆ. ಗಿರಾಕಿಗಳು ಒಬ್ಬರೂ ತಪ್ಪಿರಲಿಲ್ಲ. ಅವರ ಮೆಸೇಜು ಬಂದರೆ ಫೋನನ್ನು ಬೋರಲು ಹಾಕಿ ಮಷಿನ್ ತುಳಿಯುತ್ತಿದ್ದೆ. ನಾಲ್ಕೈದು ತಿಂಗಳು ಹೀಗೇ ಹೋಯಿತು.

ಒಂದು ದಿನ ಹನ್ನೆರಡರ ಹೊತ್ತಿಗೆ ಅಂಗಡಿಯಲ್ಲಿ ಇಬ್ಬರು ಹೆಂಗಸರು ಕೂತು ಲಂಗದ ಅಳತೆ ಕೊಡುತ್ತಿದ್ದರು. ಅತ್ತೆ ಬಂದಳು, ಅದೇ ಅತ್ತೆ. ಅವಳು ಚೀಲದಿಂದ ಐದು ಜಂಪರ್ ಪೀಸು ತೆಗೆದು ಟೇಬಲ್ಲಿನ ಮೇಲಿಟ್ಟಳು, ಮೇಲೊಂದು ಅಳತೆಯ ಜಂಪರ್ ಇಟ್ಟಳು.

‘ಮಗಂದು ಲಗ್ನ ಐತವಾ. ಸಣ್ಣಾಗಿ ಮಾಡಾಕತ್ತೇವಿ. ಹೊಸಾ ಸೊಸಿ ಅಳತಿ ಇದು. ಬ್ಯಾರೇದವರ ಕಡೆ ಕೊಡಾಕ ಮನಸ ಬರಲಿಲ್ಲ.’

ಮೊದಲಿನ ಸೊಸೆ ಏನಾದಳು ಎಂದೆ.

‘ಹಿರಿಯರು ಕೂಡಿ ಸಂಬಂಧ ಬಿಡಿಸಿದ್ರು. ನಾ ಏನ ರಾಕ್ಷಸಿ ಅಲ್ಲವಾ. ಕೂಸ ಹೋದ್ರ ಇನ್ನೊಂದ ಆಗ್ತಿತ್ತು. ಅಕಿ ಮೂರ ದಿನಾ ಅನ್ನಾ ಬಿಟ್ಟಾಗ ನಾನ ಉಣಸೇನಿ. ಆದ್ರ ಅಷ್ಟ ಸುಳ್ಳ ಹೇಳಾಕಿನ್ನ ಮನ್ಯಾಗ ಹೆಂಗ ಇಟ್ಕೋಬೇಕು? ನಿನ್ನಂಥಾಕಿ ಮ್ಯಾಲ ಹಾಕಾಕ ನೋಡಿದ್ಲು.’

ಕೂತಿದ್ದ ಇಬ್ಬರೂ ಅಯ್ಯೋ ಎಂದು ನನ್ನನ್ನು ಕನಿಕರದಿಂದ ನೋಡಿದರು. ಆಗಲೂ ನನ್ನ ಬಾಯಿಂದ ಸತ್ಯ ಹೊರಬರಲಿಲ್ಲ. ಯಾವಾಗ ಬೇಕು ಎಂದು ಕೇಳಿದೆ. ಮುಂದಿನ ವಾರ ಎಂದಳು. ಜಂಪರಿನ ಕೊರಳು, ತೋಳು ಅಳೆದು ಬರೆದುಕೊಂಡೆ.

ಮರುದಿನ ಬೆಳಿಗ್ಗೆ ಆ ಹುಡುಗಿಯ ತವರಿಗೆಂದು ಬಸ್ಸು ಹತ್ತಿದೆ. ಹಾನಗಲ್ಲಿನಲ್ಲಿ ಬಸ್ಸು ಬದಲಾಯಿಸುವಾಗ ಅಣ್ಣನ ಮನೆ ಹತ್ತು ಹೆಜ್ಜೆಯಲ್ಲೇ ಇತ್ತು, ಹೋಗಲಿಲ್ಲ. ಹಿರೇಕೆರೂರಿನಿಂದ ಟೆಂಪೋ, ಆಮೇಲೆ ನಡಿಗೆ. ಎರಡೂ ಕಡೆ ಗೋವಿನಜೋಳ ಒಣಗಿ ಕೊಯ್ಲಿಗೆ ನಿಂತಿತ್ತು. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಮನಸ್ಸಿನಲ್ಲಿ ಜೋಡಿಸಿಕೊಂಡು ಹೋದೆ. ಬೇಕಾದರೆ ಹಿರಿಯರ ಮುಂದೆ ನಿಂತು ಹೇಳುತ್ತೇನೆ, ಲಗ್ನ ಇನ್ನೂ ಆಗಿಲ್ಲ, ತಡೆಯಬಹುದು ಎಂದುಕೊಂಡಿದ್ದೆ.

ಅವಳು ಅಂಗಳದಲ್ಲಿ ತೆನೆ ಬಿಡಿಸುತ್ತಿದ್ದಳು. ನನ್ನನ್ನು ನೋಡಿ ಎದ್ದು, ಕೈ ಒರೆಸಿಕೊಂಡು, ‘ಬರ್ರಿ ಅಕ್ಕಾರ’ ಎಂದು ಚಾಪೆ ಹಾಸಿದಳು. ನೀರು ತಂದು ಕೊಟ್ಟಳು. ಒಂದು ಸಿಟ್ಟಿನ ಮಾತು ಆಡಲಿಲ್ಲ. ನಾನು ಜೋಡಿಸಿಕೊಂಡು ಹೋದದ್ದೆಲ್ಲ ಚೆಲ್ಲಾಪಿಲ್ಲಿಯಾಗಿ, ತಪ್ಪು ನನ್ನದು, ಆ ದಿನ ನಾನು ಹೇಳಿದ್ದು ನಿಜ, ಆಮೇಲೆ ಇಲ್ಲವೆಂದದ್ದು ಸುಳ್ಳು, ಕೌದಿಯಿಂದ ಏನೂ ಆಗಿಲ್ಲ, ಬಿಪಿಯಿಂದ ಆದದ್ದು ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವಳು ತೆನೆ ಬಿಡಿಸುತ್ತಲೇ ಕೇಳಿದಳು.

‘ನೀವು ಹಂಗ ಅಂದಿದ್ದು ನನಗ ಗೊತ್ತೈತಲ್ರಿ. ನನಗ್ಯಾಕ ಹೇಳ್ತೀರಿ? ನಮ್ಮ ಅಪ್ಪಗ ಹೇಳ್ರಿ.’

‘ಅಲ್ಲೀ ಹಿರಿಯರ ಮುಂದ ಬಂದು ಹೇಳ್ತೇನಿ. ಇವತ್ತ ಬೇಕಾದ್ರ ಬರ್ತೇನಿ, ನಡಿ.’

‘ಬ್ಯಾಡ್ರಿ. ಅವರ ಮಾತ ಮುಗದೈತಿ. ಅಪ್ಪ ಹೊಲದಾಗ ಅದಾನು, ಬರ್ತಾನು. ಕುಂದರ್ರಿ.’

ನಾನು ಕೂತೆ. ಅವಳ ಜೊತೆ ತೆನೆ ಬಿಡಿಸಲು ಕೈ ಹಾಕಿದರೆ ಬುಟ್ಟಿಯನ್ನು ಸದ್ದಿಲ್ಲದೆ ತನ್ನ ಕಡೆ ಎಳೆದುಕೊಂಡಳು. ಅಪ್ಪ ಬರುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಸಣ್ಣ ದೇಹದ, ಮೆತ್ತಗೆ ಮಾತಾಡುವ ಮನುಷ್ಯ. ಕೈಕಾಲು ತೊಳೆದುಕೊಂಡು, ಯಾರೋ ನೆಂಟರು ಬಂದಿದ್ದಾರೆಂದು ತಲೆಗೆ ಟವೆಲ್ಲು ಸುತ್ತಿಕೊಂಡು ಎದುರಿಗೆ ಕೂತ. ಅವಳು ಚಹಾ ಮಾಡಲು ಒಳಗೆ ಹೋದಳು.

ನಾನು ಯಾರೆಂದು ಹೇಳಿದೆ. ನಿಮ್ಮ ಮಗಳು ಹೇಳಿದ್ದೇ ಖರೆ, ಸುಳ್ಳು ಹೇಳಿದವಳು ನಾನು ಎಂದೆ.

‘ಆವಾಗ ಯಾಕ ಹೇಳಲಿಲ್ಲವಾ?’

‘ಹೆದರಿದ್ನಿರಿ. ಗಿರಾಕಿ ಹೋಗ್ತಾರ ಅಂತ ಹೆದರಿದ್ನಿ.’

ಆತ ತಲೆಯ ಟವೆಲ್ಲು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಒಳಗೆ ಪಾತ್ರೆಯ ಸದ್ದಾಗುತ್ತಿತ್ತು. ಆತ ಆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದ.

‘ನಾ ಅಕಿಗೆ ಹೊಡದೇನವಾ. ಹಿರಿಯರು ಕೂಡೋ ಮೊದಲ, ಖರೇ ಹೇಳು ಅಂತ ಹೊಡದೇನಿ. ಅದನ್ನ ಹೇಳ್ತಿದ್ಲು, ಟೇಲರ್ ಅಕ್ಕಾರು ಅಂದಾರು, ಟೇಲರ್ ಅಕ್ಕಾರು ಅಂದಾರು ಅಂತ. ಮತ್ತ ಹೊಡದೇನಿ. ಕಡೀಕ ಹೌದಪಾ, ನಾ ಸುಳ್ಳ ಹೇಳೇನಿ ಅಂದ್ಲು. ಆವಾಗ ಬಿಟ್ಟೆ.’